ಸೀಲ್ ಒಡೆದ ಬೋರ್ಡು

ಅಂಗಡಿಯವರು ನಗುನಗುತ್ತಾ ಏನನ್ನಾದರೂ ಕೈಗಿಟ್ಟರೆ ನಾನು ಮೊದಲು ಅದನ್ನು ತಿರುವಿ ಹಾಕಿ ತಳ ನೋಡುತ್ತೇನೆ. ಕುಷ್ಟಗಿಯ ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೆ ನಾನೆಂದರೆ ಆಗುವುದಿಲ್ಲ. "ಬಂದ್ಲು ನೋಡ್ರಿ, ಇನ್ನ ಬುಟ್ಟಿ ಎಲ್ಲಾ ಕೆಳಗ ಮ್ಯಾಲ ಮಾಡ್ತಾಳ" ಎಂದು ನನಗೆ ಕೇಳುವ ಹಾಗೆಯೇ ಹೇಳುತ್ತಾಳೆ. ಹೇಳಲಿ. ಹುಳುಕು ಕಾಯಿ ಹೆಚ್ಚುವವಳು ನಾನು, ಅವಳಲ್ಲ. ಆದರೆ ಬದನೆಕಾಯಿಯನ್ನಾದರೆ ಕೊಯ್ದು ನೋಡಬಹುದು. ಕಂಪ್ಯೂಟರಿನ ಬಿಡಿಭಾಗಗಳನ್ನು ಕೊಯ್ದು ನೋಡಲು ಬರುವುದಿಲ್ಲ. ನನ್ನ ಪೀಕಲಾಟ ಶುರುವಾದದ್ದು ಅಲ್ಲಿಂದ.

ನನ್ನ ಕೆಲಸ ಮದುವೆ ಕಾರ್ಡು ಮಾಡುವುದು. ಊರಿನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಬಹಳ ವರ್ಷ ಕಂಪ್ಯೂಟರಿನ ಮುಂದೆ ಕೂತಿದ್ದೆ. ಗಣಪತಿ ಎಲ್ಲಿ ಕೂರಬೇಕು, ತೋರಣ ಎಷ್ಟು ಬಾಗಬೇಕು, ಯಾವ ಕಾಕಾನ ಹೆಸರು ಮೊದಲು ಬಂದರೆ ಯಾವ ಕಾಕಾ ಮುನಿಸಿಕೊಳ್ಳುತ್ತಾನೆ, ಎಲ್ಲವೂ ನನಗೆ ಬಾಯಿಪಾಠ. ಮಾಲೀಕರಿಗೆ ನನ್ನ ಕೆಲಸದ ಬಗ್ಗೆ ದೂರಿರಲಿಲ್ಲ, ನನ್ನ ಮೇಲೆ ನಂಬಿಕೆಯೂ ಇರಲಿಲ್ಲ. ನಾನು ಊಟಕ್ಕೆ ಎದ್ದರೆ ಮಷೀನಿಗೆ ಲಾಕ್ ಹಾಕುತ್ತಿದ್ದರು. ಒಂದು ಸಂಜೆ ಮನೆಗೆ ಹೊರಟಾಗ ನನ್ನ ಬ್ಯಾಗಿನಿಂದ ಒಂದು ಪೆನ್‌ಡ್ರೈವ್ ಜಾರಿ ಬಿತ್ತು. ಅವರು ಅದನ್ನು ಎತ್ತಿಕೊಂಡು, ಕಾರ್ಡು ಒಯ್ಯಲು ಬಂದ ಗಿರಾಕಿಗಳ ಎದುರಿಗೇ, "ಇದು ನಿಂದ ಹೌದೇನು?" ಎಂದರು.

ನನ್ನದೇ. ಅದರಲ್ಲಿ ಇದ್ದವೂ ಅಂಗಡಿಯ ಡಿಸೈನುಗಳಲ್ಲ, ನನ್ನವೇ, ಮನೆಯಲ್ಲಿ ಕಾಗದದ ಮೇಲೆ ಬಿಡಿಸಿ ಸ್ಕ್ಯಾನ್ ಮಾಡಿಸಿದ ಹೂಬಳ್ಳಿಗಳು. ಹಾಗೆಂದು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ. ಬ್ಯಾಗನ್ನೇ ತಲೆಕೆಳಗು ಮಾಡಿ ಕೌಂಟರಿನ ಮೇಲೆ ಸುರಿದೆ. ಊಟದ ಡಬ್ಬಿ, ಪಿನ್ನು, ಮಾವನವರ ಬಿಪಿ ಗುಳಿಗೆ, ಅರ್ಧ ತಿಂದ ಚಕ್ಕುಲಿಯ ಪೊಟ್ಟಣ. ಚಕ್ಕುಲಿಯ ಚೂರುಗಳು ಯಾರದೋ ಲಗ್ನಪತ್ರಿಕೆಯ ಮೇಲೆಲ್ಲ ಚೆಲ್ಲಿದವು. ನೋಡುತ್ತಿದ್ದವರೊಬ್ಬರು ಮುಖ ಆಚೆ ತಿರುಗಿಸಿದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ನಾಳಿಂದ ನಾ ಬರೂದಿಲ್ರಿ" ಎಂದೆ.

"ಹೋಗವಾ. ಮಷೀನ್ ಇಲ್ದ ಏನ್ ಮಾಡ್ತಿ? ಮತ್ತ ಇಲ್ಲೇ ಬರ್ತಿ" ಎಂದರು ಮಾಲೀಕರು, ಬಹಳ ಸಮಾಧಾನದಿಂದ.

ಆ ಸಮಾಧಾನಕ್ಕೆ ನನಗೆ ಮೈ ಉರಿಯಿತು. ನಾನು ಸ್ವಂತ ಮಷೀನು ಮಾಡಿಕೊಳ್ಳಬೇಕು, ಇಲ್ಲವಾದರೆ ಅದೇ ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಲ್ಲಬೇಕು. ನಡುವೆ ಮೂರನೆಯ ದಾರಿ ಇರಲಿಲ್ಲ. ಅಷ್ಟರಲ್ಲಿ ನಮ್ಮ ಓಣಿಯವರೇ ಒಬ್ಬರು ಮಗಳ ಮದುವೆ ಕಾರ್ಡು ನನ್ನಿಂದಲೇ ಮಾಡಿಸಬೇಕೆಂದು ಬಂದರು. ಮಂಗಳವಾರ ಮಾದರಿ ತೋರಿಸುತ್ತೇನೆಂದು ಮಾತು ಕೊಟ್ಟೆ. ಮಾತು ಕೊಡುವಾಗ ಮನೆಯಲ್ಲಿ ಒಂದು ಮೌಸ್ ಕೂಡ ಇರಲಿಲ್ಲ.

ಹೊಸ ರೆಡಿಮೇಡ್ ಕಂಪ್ಯೂಟರು ನನ್ನ ಕೈಗೆ ಎಟುಕುವಂಥದ್ದಲ್ಲ. ಬಿಡಿಭಾಗ ಆರಿಸಿ ಜೋಡಿಸಿಕೊಂಡರೆ ಕಡಿಮೆಯಲ್ಲಿ ಆಗುತ್ತದೆ ಎಂದು ಗೊತ್ತಿತ್ತು. ಒಲೆಯ ಪಕ್ಕದಲ್ಲಿ ಫೋನು ಒರಗಿಸಿಟ್ಟುಕೊಂಡು ವಿಡಿಯೋ ನೋಡತೊಡಗಿದೆ. ರೊಟ್ಟಿ ಬಡಿಯುತ್ತಾ ಪ್ರೊಸೆಸರು, ಪಲ್ಯ ತಿರುವುತ್ತಾ ಮದರ್‌ಬೋರ್ಡು. ನೋಡಿದಷ್ಟೂ ಅನುಮಾನ ಹೆಚ್ಚಾಯಿತು. ನಾಲ್ಕು ಜನ ಸೇರಿ ಒಂದೇ ಬೋರ್ಡನ್ನು ಹೊಗಳಿದರೆ ನಾಲ್ವರಿಗೂ ಒಬ್ಬನೇ ಏನೋ ತಿನ್ನಿಸಿದ್ದಾನೆ ಎನಿಸುತ್ತಿತ್ತು. ಒಬ್ಬ ಬೈದರೆ, ಇವನಿಗೆ ಏನೂ ಸಿಕ್ಕಿಲ್ಲ ಎನಿಸುತ್ತಿತ್ತು. ಕೊಪ್ಪಳಕ್ಕೆ ಹೋಗಿ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಮಿಣಮಿಣ ದೀಪದ ಹೊಸ ಕ್ಯಾಬಿನೆಟ್ ತೋರಿಸಿದರು. ಒಳಗಿನ ಪ್ರೊಸೆಸರು ಯಾವ ಕಾಲದ್ದು ಎಂದು ಕೇಳಿದ್ದಕ್ಕೆ, "ಒಳಗ ಯಾರ್ ನೋಡ್ತಾರ ಅಕ್ಕಾ, ಓಡೂದು ಮುಖ್ಯ" ಎಂದರು. ಯಾವುದೋ ಆಫೀಸಿನವರು ಬಿಸಾಕಿದ ಹಳೆಯ ಸಾಮಾನಿಗೆ ಹೊಸ ಅಂಗಿ ತೊಡಿಸಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಆಮೇಲೆ ಫೋನಿನಲ್ಲಿ ಸಿಕ್ಕವನು ಗಂಗಾವತಿಯ ಒಬ್ಬ ಕಂಪ್ಯೂಟರ್ ಅಂಗಡಿಯವನು. ಮೊದಲ ಮಾತಿಗೇ, "ನೀವು ಏನ್ ಕೆಲಸ ಮಾಡ್ತೀರ್ರಿ ಅಕ್ಕಾರ?" ಎಂದು ಕೇಳಿದ. ಸಾಮಾನು ಮಾರುವವನಿಗೆ ನನ್ನ ಕೆಲಸ ಕಟ್ಟಿಕೊಂಡು ಏನಾಗಬೇಕು? ಆದರೂ ಹೇಳಿದೆ. ಅವನು, "ಹಂಗಾದ್ರ ಗ್ರಾಫಿಕ್ಸ್ ಕಾರ್ಡ್ ಬ್ಯಾಡ್ರಿ. ಆ ರೊಕ್ಕ ಮಾನಿಟರಿಗೆ ಹಾಕ್ರಿ. ಮದುವಿ ಕಾರ್ಡಿನ ಬಣ್ಣ ಖರೇ ಕಾಣಬೇಕಲ್ಲ?" ಎಂದ. ಬೇಡ ಎಂದು ಹೇಳುವ ಅಂಗಡಿಯವನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಂದು ಬೇಡ ಎಂದು ನಂಬಿಸಿ ಇನ್ನೊಂದರಲ್ಲಿ ಕೈ ಹಾಕುತ್ತಾನೆ ಎಂದುಕೊಂಡೆ. ಅವನು ಹೇಳಿದ ಒಂದೊಂದನ್ನೂ ವಿಡಿಯೋದಲ್ಲಿ ತಾಳೆ ನೋಡಿದೆ. ಎಲ್ಲವೂ ಸರಿಯಿದ್ದವು. ಅದೂ ನನಗೆ ಸರಿಬರಲಿಲ್ಲ.

ನನಗಿಂತ ಹೆಚ್ಚು ಖುಷಿಯಾದವರು ನನ್ನ ಮಾವನವರು. ಗಂಗಾವತಿಯ ಅಕ್ಕಿ ಬಜಾರಿನಲ್ಲಿ ದಲಾಲಿ ಮಾಡಿ ತಲೆ ಹಣ್ಣು ಮಾಡಿಕೊಂಡವರು. ಈಗ ನಮ್ಮ ಜೊತೆ ಕುಷ್ಟಗಿಯಲ್ಲಿದ್ದಾರೆ. ನನ್ನ ಗಂಡ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾರೆ, ಬಜಾರಿನ ವಿಷಯಕ್ಕೆ ತಲೆ ಹಾಕುವುದಿಲ್ಲ. ಹಾಕುವವರು ಮಾವನವರು. "ಆ ಬಜಾರ್ ನನಗ ಬಿಡವಾ. ಅಲ್ಲಿ ಯಾರೂ ನನಗ ಟೋಪಿ ಹಾಕೂದಿಲ್ಲ" ಎಂದು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ತಯಾರಾದರು.

ಅಕ್ಕಿ ಬಜಾರಿನಲ್ಲಿ ಅವರ ಹೆಸರಿದ್ದದ್ದೇ ಒಂದು ಪದ್ಧತಿಯಿಂದ. ಮಾರುವವನು ಮುಂದೆ ತಂದು ನಿಲ್ಲಿಸಿದ ಚೀಲವನ್ನು ಅವರು ಮುಟ್ಟುತ್ತಿರಲಿಲ್ಲ. ರಾಶಿಯ ನಡುವಿನ ಚೀಲವನ್ನು ತಾವೇ ಎಳೆಸಿ, ಕಬ್ಬಿಣದ ಕೊಳವೆ ಚುಚ್ಚಿ, ಹಿಡಿ ಅಕ್ಕಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಚೀಲ ಕಂಡರಂತೂ ಆ ಅಂಗಡಿಯ ಮೆಟ್ಟಿಲನ್ನೇ ಇಳಿದುಬಿಡುತ್ತಿದ್ದರಂತೆ. ಬಜಾರಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಇವರು ಒಂದು ಕೈ ಜಾಸ್ತಿ.

ಶನಿವಾರ ಬೆಳಿಗ್ಗೆ ತಾವರಗೇರಾ, ಕನಕಗಿರಿ ಮೇಲಿನ ಬಸ್ಸಿನಲ್ಲಿ ಹೋದೆವು. ಅಂಗಡಿಯವನಿಗೆ ನನ್ನ ವಯಸ್ಸೇ ಇರಬೇಕು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವ ಸ್ವಭಾವ. ಚಹಾ ತರಿಸಿದ. ಮಾವನವರು ನನ್ನ ಕಿವಿಯಲ್ಲಿ, "ಚಾ ಬಂತು ಅಂದ್ರ ಹುಷಾರು" ಎಂದರು. ಚಹಾ ಮಾತ್ರ ಪೂರ್ತಿ ಕುಡಿದರು.

ನಾನು ಹಳೆಯದೊಂದು ಮದುವೆ ಕಾರ್ಡು ತಂದಿದ್ದೆ. ಅದರ ಕುಂಕುಮದ ಬಣ್ಣ ನಾನೇ ಕೂಡಿಸಿದ್ದು. ಪೆನ್‌ಡ್ರೈವಿನಿಂದ ಅದೇ ಬಣ್ಣವನ್ನು ಒಂದೊಂದು ಮಾನಿಟರಿನಲ್ಲೂ ತೆರೆಸಿ, ಕಾರ್ಡನ್ನು ಪಕ್ಕದಲ್ಲಿ ಹಿಡಿದು ನೋಡಿದೆ. ಒಂದರಲ್ಲಿ ಇಟ್ಟಿಗೆಯ ಬಣ್ಣ, ಒಂದರಲ್ಲಿ ಬೀಟ್‌ರೂಟಿನದು. ಮೂರನೆಯದರಲ್ಲಿ ಕುಂಕುಮ ಕುಂಕುಮವಾಗಿಯೇ ಕಂಡಿತು. ಅವನು ಫೋನಿನಲ್ಲಿ ಹೇಳಿದ್ದೂ ಅದೇ ಮಾನಿಟರನ್ನು. ಆಮೇಲೆ ಕ್ಯಾಬಿನೆಟ್ ತೆಗೆದು, ಎಸ್‌ಎಂಪಿಎಸ್ ಇದರೊಳಗೇ ಪುಕ್ಕಟೆ ಬರುತ್ತದೆ ಎಂದ. ಇಡೀ ಮಷೀನಿಗೆ ಕರೆಂಟು ಹಂಚುವ ಡಬ್ಬಿ ಅದು. ಅದರಲ್ಲಿ ಮೋಸವಾದರೆ ಉಳಿದದ್ದೆಲ್ಲ ಸುಟ್ಟುಹೋಗುತ್ತದೆ ಎಂದು ವಿಡಿಯೋಗಳಲ್ಲಿ ಕೇಳಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಮಾವನವರು ಅದನ್ನು ಅಂಗೈಯಲ್ಲಿ ತೂಗಿ, "ಏನೋ ಇದು, ಜೊಳ್ಳು ಇದ್ದಂಗ ಐತಿ" ಎಂದರು. ಅಂಗಡಿಯವನು ನಕ್ಕು, "ಖರೇ ಐತ್ರಿ ಯಜಮಾನ್ರ, ಬಜೆಟ್ ಅಂದ್ರಲ್ಲ ಅಂತ ತೋರಿಸ್ದೆ" ಎಂದು ಒಳಗಿನಿಂದ ಭಾರದ್ದೊಂದು ತಂದ. ಮಾವನವರು ನನ್ನ ಕಡೆ ನೋಡಿದ ನೋಟದಲ್ಲಿ ಇಡೀ ಅಕ್ಕಿ ಬಜಾರು ಕಂಡಿತು. ನಮ್ಮಿಬ್ಬರಿಗೂ ಕೋಡು ಮೂಡಿತು.

ಕೊನೆಗೆ ಬಂತು ಮದರ್‌ಬೋರ್ಡು. ಅವನು ಕಪಾಟಿನ ಮೇಲಿನಿಂದ ಒಂದು ಡಬ್ಬಿ ಇಳಿಸಿದ. ಮೇಲೆ ಪೆನ್ನಿನಿಂದ 'ಕುಷ್ಟಗಿ' ಎಂದು ಬರೆದಿತ್ತು. ಸೀಲ್ ಒಡೆದಿತ್ತು.

"ಇದು ನಿಮ್ಮ ಸಲುವಾಗೇ ತೆಗೆದು ಇಟ್ಟೀನ್ರಿ" ಎಂದ. "ನೀವು ತಗೊಳ್ಳೂ ಪ್ರೊಸೆಸರ್ ಹೊಸಾದು. ಬೋರ್ಡಿನಾಗ ಬಯೋಸ್ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಇರ್ತೈತಿ, ಅದು ಹಳೀದಿದ್ರ ಹೊಸ ಪ್ರೊಸೆಸರ್‌ನ ಗುರ್ತಾ ಹಿಡಿಯೂದಿಲ್ಲ. ಅದಕ್ಕ ನಾನ ಒಡದು, ಬ್ಯಾರೆ ಪ್ರೊಸೆಸರ್ ಹಚ್ಚಿ, ಅಪ್‌ಡೇಟ್ ಮಾಡಿ, ನೋಡಿ ಇಟ್ಟೀನಿ."

ಮಾವನವರು ಡಬ್ಬಿಯನ್ನು ಬೆರಳ ತುದಿಯಿಂದ ದೂಡಿದರು. "ಕಂಪನಿಯವರು ಮಾಡೂ ಕೆಲಸ ನೀ ಯಾಕ ಮಾಡ್ತಿ? ಬಿಚ್ಚಿ ಹೊಲಿದ ಚೀಲ ನಮಗ ಬ್ಯಾಡ."

ನನಗೂ ಹಾಗೆಯೇ ಅನಿಸಿತ್ತು. ಯಾರೋ ಒಯ್ದು ತಿರುಗಿ ತಂದ ಮಾಲಿರಬೇಕು. ದೂರದ ಊರಿನ ಹೆಂಗಸು, ಮತ್ತೆ ಬಂದು ಜಗಳ ಆಡುವುದಿಲ್ಲ ಎಂದು ನಮ್ಮ ಊರಿನ ಹೆಸರನ್ನೇ ಬರೆದು ಇಟ್ಟಿದ್ದಾನೆ. ಇಲ್ಲದಿದ್ದರೆ ಮುಖ ಕಾಣದ ಗಿರಾಕಿಗೆ ಯಾರು ಇಷ್ಟು ಮಾಡುತ್ತಾರೆ? "ಸೀಲ್ ಇದ್ದದ್ದು ಕೊಡ್ರಿ" ಎಂದೆ.

ಅವನು ಅಂಥದ್ದೇ ಡಬ್ಬಿಗಳ ಸಾಲು ತೋರಿಸಿದ. ಮಾವನವರು ಮುಂದಿನದನ್ನು ಬಿಟ್ಟು, ನಡುವಿನಿಂದ ಒಂದನ್ನು ಎಳೆದರು. "ಇದರಾಗ ಬಯೋಸ್ ಹಳೀದು ಇರಬಹುದ್ರಿ. ಇಲ್ಲೇ ಒಡದು ಅಪ್‌ಡೇಟ್ ಮಾಡಿ, ಜೋಡ್ಸೇ ಕೊಡ್ತೀನಿ" ಎಂದು ಅವನು ಹೇಳಿದ. ಜೋಡಿಸುವ ನೆಪದಲ್ಲಿ ಒಳಗೆ ಒಯ್ದು ಒಂದನ್ನು ಇನ್ನೊಂದು ಮಾಡುತ್ತಾರೆ ಎಂಬುದನ್ನೂ ನಾನು ವಿಡಿಯೋದಲ್ಲಿ ಕೇಳಿದ್ದೆ. "ಸೀಲ್ ಮುಟ್ಟಬ್ಯಾಡ್ರಿ, ನಾವು ಮನ್ಯಾಗ ಜೋಡಿಸ್ಕೋತೀವಿ" ಎಂದೆ. ಅವನು ಕನ್ನಡಕ ಹಣೆಯಿಂದ ಇಳಿಸಿ ನನ್ನನ್ನು ಒಂದು ಗಳಿಗೆ ನೋಡಿದ. "ಆತ್ರಿ" ಎಂದ. 'ಕುಷ್ಟಗಿ' ಎಂದು ಬರೆದ ಡಬ್ಬಿ ಕೌಂಟರಿನ ಮೂಲೆಯಲ್ಲಿ ಉಳಿಯಿತು.

ಭಾನುವಾರ ಬೆಳಿಗ್ಗೆ ಮಂಚದ ಮೇಲೆ ರಟ್ಟು ಹಾಸಿ, ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಒಂದೊಂದೇ ಭಾಗ ಕೂಡಿಸಿದೆ. ಬಳೆ ತೆಗೆದಿಟ್ಟಿದ್ದೆ. ಮಾವನವರು ಬೆಳಕಿದ್ದರೂ ಟಾರ್ಚ್ ಹಿಡಿದುಕೊಂಡು ನಿಂತಿದ್ದರು. ಪ್ರೊಸೆಸರು ತನ್ನ ಜಾಗದಲ್ಲಿ ಕೂತಾಗ, ರ‍್ಯಾಮ್ ಕಟಕ್ ಎಂದಾಗ, ನನಗೆ ಹೇಳಲಾರದಷ್ಟು ಹಿಗ್ಗಾಯಿತು. ಇದಕ್ಕೆ ಯಾರೂ ಲಾಕ್ ಹಾಕುವುದಿಲ್ಲ ಎಂದುಕೊಂಡೆ. ಮಾವನವರು ಊದುಬತ್ತಿ ಬೆಳಗಿದರು. ನಾನು ಗುಂಡಿ ಒತ್ತಿದೆ.

ಫ್ಯಾನು ತಿರುಗಿತು. ದೀಪ ಹತ್ತಿತು. ಮಾನಿಟರು ಮಾತ್ರ ಕಪ್ಪಗೇ ಇತ್ತು. ಕೇಬಲು ಬಿಚ್ಚಿ ಹಾಕಿದೆ, ರ‍್ಯಾಮ್ ತೆಗೆದು ಹಾಕಿದೆ, ಒಂದನ್ನೇ ಹಾಕಿ ನೋಡಿದೆ. ಫ್ಯಾನು ತಿರುಗುತ್ತಲೇ ಇತ್ತು, ಪರದೆ ಕಪ್ಪಗೇ ಇತ್ತು. "ಸತ್ತ ಮಾಲು ಕೊಟ್ಟಾನ ನೋಡು" ಎಂದು ಮಾವನವರು ಹಲ್ಲು ಕಡಿದರು. ನನಗೆ ಸಿಟ್ಟಿಗಿಂತ ಮೊದಲು ಹೆದರಿಕೆ ಬಂತು. "ಮತ್ತ ಇಲ್ಲೇ ಬರ್ತಿ" ಎಂದ ಮಾಲೀಕರ ಸಮಾಧಾನದ ಮುಖ ಆ ಕಪ್ಪು ಪರದೆಯ ಮುಂದೆ ಕೂತಷ್ಟು ಹೊತ್ತೂ ಕಣ್ಣಿಗೆ ಕಟ್ಟಿತ್ತು. ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತುಬಿಟ್ಟೆ.

ಫೋನು ಮಾಡಿದಾಗ ಅಂಗಡಿಯವನು ಬೈಯಲಿಲ್ಲ, ನಗಲೂ ಇಲ್ಲ. "ಬೋರ್ಡ್ ತರ್ರಿ, ಪ್ರೊಸೆಸರೂ ತರ್ರಿ, ಅದರ ಡಬ್ಬೀನೂ ತರ್ರಿ" ಎಂದ. ಬೋರ್ಡು ಸರಿ, ಪ್ರೊಸೆಸರು ಯಾಕೆ? ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನೂ ಮಾವನವರೂ ಅದನ್ನೇ ಮಾತಾಡಿಕೊಂಡೆವು. ತಾವರಗೇರಾ ದಾಟುವ ಹೊತ್ತಿಗೆ ಅವನು ಕಳ್ಳ ಎಂದು ತೀರ್ಮಾನವಾಗಿತ್ತು.

ಸೋಮವಾರ ಅಂಗಡಿಯಲ್ಲಿ ಇನ್ನೂ ನಾಲ್ಕಾರು ಗಿರಾಕಿಗಳಿದ್ದರು. ನನ್ನ ಕಣ್ಣು ಮೊದಲು ಹುಡುಕಿದ್ದು ಆ ಸೀಲ್ ಒಡೆದ ಡಬ್ಬಿಯನ್ನು. ಇರಲಿಲ್ಲ. ಕೇಳಿದ್ದಕ್ಕೆ, "ಇರಕಲ್ಲಗಡದವರು ಒಯ್ದ್ರು. ನಿನ್ನೆ ಚಾಲೂ ಆತಂತ" ಎಂದು ತಲೆ ಎತ್ತದೆ ಹೇಳಿದ. ನಮ್ಮ ಬೋರ್ಡನ್ನು ರಬ್ಬರ್ ಹಾಳೆಯ ಮೇಲಿಟ್ಟು, ಪ್ರೊಸೆಸರನ್ನು ಬಿಚ್ಚಿ, ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತನ್ನ ಡ್ರಾಯರಿಗೆ ಹಾಕಿದ. ತನ್ನದೊಂದು ಹಳೆಯ ಪ್ರೊಸೆಸರು ಕೂಡಿಸಿದ. ಮಾನಿಟರು ತಟ್ಟನೆ ಬೆಳಗಿತು. ಬೋರ್ಡು ಸತ್ತಿರಲಿಲ್ಲ.

"ಇದ ನೋಡ್ರಿ, ಅವತ್ತ ಹೇಳಿದ್ದು" ಎಂದು, ಪೆನ್‌ಡ್ರೈವ್ ಚುಚ್ಚಿ ಅಪ್‌ಡೇಟ್ ಹಾಕಿದ. ನಡುವೆ ಕರೆಂಟು ಹೋದರೆ ಬೋರ್ಡು ಖಾಯಂ ಕೆಡುತ್ತದೆಂದು ಯುಪಿಎಸ್‌ಗೆ ಜೋಡಿಸಿದ್ದ. ಅಪ್‌ಡೇಟ್ ಎಷ್ಟಾಯಿತೆಂದು ತೋರಿಸುವ ಪರದೆಯ ಗೆರೆ ತುದಿ ಮುಟ್ಟುವವರೆಗೂ ನಾನು ಅದನ್ನೇ ನೋಡುತ್ತಾ ನಿಂತೆ. ಮುಗಿಯಿತು. ಅವನು ಡ್ರಾಯರ್ ಎಳೆದು, ಪ್ಲಾಸ್ಟಿಕ್ ಡಬ್ಬಿ ತೆಗೆದು, ಪ್ರೊಸೆಸರನ್ನು ಎರಡು ಬೆರಳಲ್ಲಿ ಎತ್ತಿಕೊಂಡ. ಬಿಸಿ ಎಳೆದುಕೊಳ್ಳಲು ಹಚ್ಚುವ ಬೂದು ಬಣ್ಣದ ಪೇಸ್ಟ್ ಮೇಲೆಲ್ಲ ಮೆತ್ತಿತ್ತು, ನಂಬರು ಕಾಣುತ್ತಿರಲಿಲ್ಲ.

ನನ್ನ ಬಾಯಿಂದ ಬಂದೇಬಿಟ್ಟಿತು. "ಅದು ನಮ್ಮದ ಹೌದೇನ್ರಿ?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ಪ್ರೊಸೆಸರನ್ನು ಹಾಳೆಯ ಮೇಲಿಟ್ಟು, ಡ್ರಾಯರನ್ನು ಪೂರ್ತಿ ಹೊರಗೆಳೆದು, ನಮ್ಮ ಮುಂದೆ ಕೌಂಟರಿನ ಮೇಲೆ ಬೋರಲು ಸುರಿದ. ಸ್ಕ್ರೂಗಳು ಉರುಳಿದವು. ಪೇಸ್ಟಿನ ಟ್ಯೂಬು, ಮೂರು ಪೆನ್ನು, ಗುಳಿಗೆಯ ಹಾಳೆ, ಅರ್ಧ ತಿಂದ ಶೇಂಗಾ ಚಿಕ್ಕಿ. ಬೇರೆ ಪ್ರೊಸೆಸರು ಇರಲಿಲ್ಲ. ಆಮೇಲೆ ನಮ್ಮದನ್ನು ಬಟ್ಟೆಯಿಂದ ಒರೆಸಿ, "ನಿಮ್ಮ ಡಬ್ಬಿ ಮ್ಯಾಲಿನ ನಂಬರ್ ಓದ್ರಿ" ಎಂದ.

ನನಗೆ ಓದಲಾಗಲಿಲ್ಲ. ನಾನು ಆ ಚಿಕ್ಕಿಯನ್ನೇ ನೋಡುತ್ತಿದ್ದೆ. ಮಾವನವರು ಕನ್ನಡಕ ಹಾಕಿಕೊಂಡು, ಅಕ್ಕಿ ಬಜಾರಿನ ದನಿಯಲ್ಲಿ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. ಅಂಗಡಿಯವನು ಒಂದೊಂದಕ್ಕೂ "ಹೌದ್ರಿ" ಎಂದ. ಪಕ್ಕದಲ್ಲಿದ್ದ ಗಿರಾಕಿಯೊಬ್ಬರು ಮುಖ ಆಚೆ ತಿರುಗಿಸಿದರು. ಇಬ್ಬರೂ ಬೇಗ ಮುಗಿಸಲಿ ಎಂದು ನಾನು ದೇವರನ್ನು ಬೇಡಿಕೊಂಡೆ. ಎಲ್ಲಾ ಅಂಕಿಗಳೂ ಸರಿಹೊಂದಿದವು. ಚೆಲ್ಲಿದ ಸ್ಕ್ರೂಗಳನ್ನು ಬಾಚಿ ಡ್ರಾಯರಿಗೆ ತುಂಬಲು ನಾನು ಕೈ ಹಾಕಿದೆ. "ಇರಲಿ ಬಿಡ್ರಿ ಅಕ್ಕಾರ" ಎಂದು ಅವನು ಡ್ರಾಯರನ್ನು ತನ್ನ ಕಡೆ ಸರಿಸಿಕೊಂಡ.

ಪ್ರೊಸೆಸರು ಕೂಡಿಸಿದ ಕೂಡಲೇ ಪರದೆ ಬೆಳಗಿತು. ಈ ಕೆಲಸಕ್ಕೆ ಅವನು ಏನೂ ತೆಗೆದುಕೊಳ್ಳಲಿಲ್ಲ. ಚಹಾ ತರಿಸಲಿಲ್ಲ. ಬಸ್ಸಿನಲ್ಲಿ ಮಾವನವರು, "ನಂಬರ್ ನೋಡಿದ್ದು ಛಲೋನ ಆತು" ಎಂದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಮಂಗಳವಾರ ಓಣಿಯವರಿಗೆ ಮಾದರಿ ತೋರಿಸಿದೆ. ಕುಂಕುಮ ಕುಂಕುಮವಾಗಿಯೇ ಬಂದಿತ್ತು, ಹೂಬಳ್ಳಿ ನನ್ನದೇ. ಆ ಕಾರ್ಡು ನೋಡಿ ಇನ್ನೊಬ್ಬರು ಬಂದರು, ಆಮೇಲೆ ಯಲಬುರ್ಗಾದಿಂದಲೂ ಬರತೊಡಗಿದರು. ಮಾಲೀಕರ ಅಂಗಡಿಯ ಮುಂದೆ ನಾನು ಈಗ ಹಾದುಹೋಗುತ್ತೇನೆಯೇ ಹೊರತು ಮೆಟ್ಟಿಲು ಹತ್ತಿಲ್ಲ. ಹತ್ತುವುದೂ ಇಲ್ಲ. ಸಂತೆಯಲ್ಲಿ ಬದನೆಕಾಯಿಯ ಬುಟ್ಟಿಯನ್ನು ಈಗಲೂ ಕೆಳಗೆ ಮೇಲೆ ಮಾಡುತ್ತೇನೆ. ಅದನ್ನು ಬಿಟ್ಟಿಲ್ಲ, ಬಿಡಬೇಕೆಂದೂ ಅನಿಸಿಲ್ಲ.

ಹೋದ ಮದುವೆ ಸುಗ್ಗಿಯಲ್ಲಿ ಕೆಲಸ ಜಾಸ್ತಿಯಾಗಿ ಮಷೀನು ಏದುಸಿರು ಬಿಡತೊಡಗಿದಾಗ, ಇನ್ನೊಂದು ರ‍್ಯಾಮ್ ಹಾಕಬೇಕಾಯಿತು. ಗಂಗಾವತಿಗೇ ಹೋದೆ, ಈ ಸಲ ಒಬ್ಬಳೇ. ನನಗಿಂತ ಮುಂಚೆ ಬಂದ ಒಬ್ಬ ಗಿರಾಕಿಗೆ ಅವನು ಕಪಾಟಿನ ಮೇಲಿನಿಂದ ಡಬ್ಬಿಯೊಂದನ್ನು ಇಳಿಸಿ, "ಇದು ನಿಮಗಂತ ಇಟ್ಟೀನ್ರಿ, ನೋಡೀನಿ, ಛಲೋ ಐತಿ" ಎಂದ. ಅವರು ಕಣ್ಣೆತ್ತಿಯೂ ನೋಡದೆ ಚೀಲಕ್ಕೆ ಹಾಕಿಕೊಂಡು ಹೋದರು. ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಸರದಿ ಬಂದಾಗ ಅವನು "ಬರ್ರಿ ಅಕ್ಕಾರ" ಎಂದು ಮರ್ಯಾದೆಯಿಂದಲೇ ಕರೆದ. ರ‍್ಯಾಮ್ ಎಂದೆ. ಮೂರು ಡಬ್ಬಿ ತಂದು ಕೌಂಟರಿನ ಮೇಲೆ ಸಾಲಾಗಿ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತ. "ನೀವ ಆರಿಸ್ಕೋರಿ."

ಮೂರೂ ಬೇರೆ ಬೇರೆ ಕಂಪನಿಯವು. ಯಾವುದು ನನ್ನ ಬೋರ್ಡಿನ ಜೊತೆ ಹೊಂದುತ್ತದೆ, ಯಾವುದು ನಾಲ್ಕು ದಿನಕ್ಕೆ ಕೈಕೊಡುತ್ತದೆ ಎಂಬುದು ನನಗೆ ತಿಳಿಯಲಿಲ್ಲ. ಅವನಿಗೆ ತಿಳಿದಿತ್ತು. ತಿರುವಿ ತಳ ನೋಡಿದೆ, ಮತ್ತೆ ಇಟ್ಟೆ. ಇನ್ನೊಂದನ್ನು ಎತ್ತಿದೆ.

"ಇದರಾಗ ಯಾವುದು ಛಲೋ ಐತ್ರಿ? ನೀವ ಹೇಳ್ರಿ" ಎಂದೆ.

"ಎಲ್ಲಾ ಸೀಲ್ ಅದಾವ್ರಿ" ಎಂದನಷ್ಟೇ.